ಅಜ್ಜನ ಬ್ಯೂಕ್‌ಗೆ ಎಷ್ಟು ಎಚ್‌ಪಿ ಬೇಕು?

ಪ್ರಶ್ನೆ: ನಮ್ಮಲ್ಲಿ ಅಜ್ಜನ ಕಾಲದ 1947ರ ಬ್ಯೂಕ್ ಸೂಪರ್ ಇದೆ. ಒಂದೇ ಸಾಲಿನಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿದ್ದದ್ದನ್ನು ಈಚೆಗೆ ಓಡುವ ಹಾಗೆ ಮಾಡಿದೆವು. ಪಿಕಪ್ ಇಲ್ಲ, ನೀಲಿ ಹೊಗೆ ಬರುತ್ತದೆ. ಆಗುಂಬೆ ಹತ್ತುವಾಗ ಅರ್ಧದಲ್ಲೇ ನೀರು ಕುದಿದು ನಿಂತಿತು. ಎಂಜಿನ್ ಬಿಚ್ಚಲೇಬೇಕು ಅಂತಾಗಿದೆ. ನಮ್ಮ ಮೇಸ್ತ್ರಿ ಹೇಳುವುದು: “ಹೇಗೂ ಬಿಚ್ಚುತ್ತೇವೆ, ಬೋರ್ ದೊಡ್ಡದು ಮಾಡಿ, ಹೆಡ್ ಫೇಸಿಂಗ್ ಮಾಡಿ, ಎರಡು ಕಾರ್ಬ್ಯುರೇಟರ್ ಹಾಕಿ, ಕ್ಯಾಮ್ ಬದಲಿಸಿದರೆ 150 ಎಚ್‌ಪಿ ಬರುತ್ತದೆ.” ಮಾಡಿಸಬಹುದಾ?
— ಕುಂದಾಪುರದ ಓದುಗರು

ಉತ್ತರ: ಮೇಸ್ತ್ರಿಯ ಪಟ್ಟಿಗೆ ಆಮೇಲೆ ಬರುತ್ತೇನೆ. ಮೊದಲು ಒಂದು ಲೆಕ್ಕ ಹಾಕೋಣ.

ನಿಮ್ಮ ಕಾರಿನ ತೂಕ ಸುಮಾರು 1,800 ಕಿಲೋ. ಮನೆಮಂದಿ, ಸಾಮಾನು ಸೇರಿ 2,100 ಅಂತಿಟ್ಟುಕೊಳ್ಳಿ. ನೂರು ಮೀಟರಿಗೆ ಹತ್ತು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗಲು ಈ ಭಾರಕ್ಕೆ ಚಕ್ರದ ಹತ್ತಿರ ಬೇಕಾದದ್ದು 22 ಎಚ್‌ಪಿ ಆಸುಪಾಸು. ಅಷ್ಟೇ. ತಿರುವುಗಳಲ್ಲಿ ಏರು ಇನ್ನೂ ಕಡಿದು, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್‌ನಲ್ಲಿ ಒಂದಷ್ಟು ಹೋಗುತ್ತದೆ ಅಂದರೂ 40 ದಾಟುವುದಿಲ್ಲ. ಹೊಸದಿದ್ದಾಗ ಈ ಎಂಜಿನ್ನಿಗೆ ಕಂಪನಿ ಹೇಳಿದ್ದು 110 ಎಚ್‌ಪಿ. ಅರ್ಧ ಸತ್ತ ಎಂಜಿನ್ ಕೂಡ ಆಗುಂಬೆಯ 14 ತಿರುವು ಹತ್ತಬೇಕಿತ್ತು. ಹಾಗಾಗಿ ನಿಮ್ಮ ಕಾರು ನಿಂತದ್ದು ಎಚ್‌ಪಿ ಸಾಲದೆ ಅಲ್ಲ. ಬಿಸಿ ಹೊರಗೆ ಹೋಗದೆ ನಿಂತಿದೆ. ಅದನ್ನು ಸರಿ ಮಾಡದೆ 150 ಎಚ್‌ಪಿ ಮಾಡಿದರೆ ಇನ್ನೂ ಎರಡು ತಿರುವು ಮೊದಲೇ ಕುದಿಯುತ್ತದೆ.

ಈ ಎಂಜಿನ್ ತುಂಬಾ ಉದ್ದ. ನೀರಿನ ಪಂಪು ಇರುವುದು ಮುಂದೆ. ಹಿಂದಿನ 7 ಮತ್ತು 8ನೇ ಸಿಲಿಂಡರಿಗೆ ತಣ್ಣಗಿನ ನೀರು ತಲುಪುವುದೇ ಕಡೆಗೆ. ಎಪ್ಪತ್ತೈದು ವರ್ಷದ ತುಕ್ಕು, ಎರಕದ ಮರಳು, ಯಾರೋ ಯಾವಾಗಲೋ ಹಾಕಿದ ಲೀಕ್ ನಿಲ್ಲಿಸುವ ಪುಡಿ, ಎಲ್ಲ ಹೋಗಿ ಕೂರುವುದೂ ಅಲ್ಲೇ. ಬ್ಲಾಕಿನ ಬದಿಯ ವೆಲ್ಶ್ ಪ್ಲಗ್ (ನೀರಿನ ಜಾಗದ ತೂತು ಮುಚ್ಚುವ ತಗಡಿನ ಬಿಲ್ಲೆ) ಕಿತ್ತು ಉದ್ದನೆಯ ಸ್ಕ್ರೂಡ್ರೈವರಿನಿಂದ ಕೆರೆದು ನೋಡಿ. ಮುಂದಿನ ಪ್ಲಗ್ಗಿನಲ್ಲಿ ಕೆಂಪು ನೀರು ಬರುತ್ತದೆ. ಹಿಂದಿನದರಲ್ಲಿ ನೀರೇ ಬರದೆ, ಜಂಬಿಟ್ಟಿಗೆ ಮಣ್ಣಿನಂಥ ಗಟ್ಟಿ ಹೆಂಟೆ ಸಿಕ್ಕರೆ ನಿಮ್ಮ ಆಗುಂಬೆ ಸಮಸ್ಯೆಯ ಅರ್ಧ ಉತ್ತರ ಕೈಯಲ್ಲೇ ಬಂತು. ಬ್ಲಾಕನ್ನು ಬಿಸಿ ಕೆಮಿಕಲ್ ತೊಟ್ಟಿಯಲ್ಲಿ ಮುಳುಗಿಸಿ ತೆಗೆಸಿ. ಹೊರಗಿನಿಂದ ನೀರು ಬಿಟ್ಟು ತೊಳೆದರೆ ಸಾಲದು. ರೇಡಿಯೇಟರಿನ ನಳಿಗೆಗಳಿಗೆ ಕಡ್ಡಿ ಹಾಕಿ ಕೆಸರು ತೆಗೆಯುವ ರಾಡಿಂಗ್ ಮಾಡಿಸಿ, ಆಗದಿದ್ದರೆ ಕೋರ್ ಬದಲಿಸಿ. ಮುಂದಕ್ಕೆ ಬಾವಿ ನೀರು ಬೇಡ, ಡಿಸ್ಟಿಲ್ಡ್ ನೀರಿಗೆ ಕೂಲಂಟ್ ಸೇರಿಸಿ ಹಾಕಿ. ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಅಭ್ಯಾಸ ನಮ್ಮ ಕಡೆ ಇದೆ, ಅದು ಬೇಡ. 70 ಡಿಗ್ರಿ ಆಸುಪಾಸಿನದು ಇರಲಿ. ಇಲ್ಲದಿದ್ದರೆ ಮಳೆಗಾಲದ ಸಣ್ಣ ಓಡಾಟದಲ್ಲಿ ಎಂಜಿನ್ ಬಿಸಿಯೇ ಆಗದೆ ಆಯಿಲ್‌ನಲ್ಲಿ ನೀರು, ಪೆಟ್ರೋಲ್ ಸೇರಿ ಕೆಸರಾಗುತ್ತದೆ.

ಇನ್ನೊಂದು ಅಪರಾಧಿ, ಸಿಲಿಂಡರುಗಳಿಗೆ ಗ್ಯಾಸ್ ಹೋಗಿಬರುವ ಕವಲು ಪೈಪು ಅಂದರೆ ಮ್ಯಾನಿಫೋಲ್ಡ್‌ನಲ್ಲಿ ಅಡಗಿದೆ. ಅಮೆರಿಕದ ಚಳಿಗೆ ಬೇಕು ಅಂತ ಬ್ಯೂಕ್‌ನವರು ಸೈಲೆನ್ಸರಿಗೆ ಹೋಗುವ ಬಿಸಿ ಗ್ಯಾಸನ್ನು ಕಾರ್ಬ್ಯುರೇಟರಿನ ಬುಡಕ್ಕೆ ತಿರುಗಿಸುವ ಒಂದು ಕವಾಟ ಇಟ್ಟಿದ್ದಾರೆ. ತುಕ್ಕು ಹಿಡಿದರೆ ಅದು ಅಲ್ಲಾಡುವುದಿಲ್ಲ. ಮುಚ್ಚಿದ ಸ್ಥಿತಿಯಲ್ಲೇ ಹಿಡಿದರೆ ಕಾರ್ಬ್ಯುರೇಟರ್ ಒಲೆ ಮೇಲಿಟ್ಟ ಹಾಗಾಯಿತು. ಏರಿನಲ್ಲಿ ಪೆಟ್ರೋಲ್ ಅಲ್ಲೇ ಕುದಿದು ಆವಿಯಾಗಿ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಉಡುಪಿ, ಕುಂದಾಪುರದಲ್ಲಿ ಈ ಬಿಸಿ ಯಾವ ತಿಂಗಳಲ್ಲೂ ಬೇಡ. ಕವಾಟವನ್ನು ತೆರೆದ ಸ್ಥಿತಿಯಲ್ಲೇ ತಂತಿ ಕಟ್ಟಿಡಿ. ಮೇಲೆ ಹೋಗುವ ದಾರಿಗೆ ತಗಡಿನ ತಟ್ಟೆ ಇಟ್ಟು ಮುಚ್ಚಿದರೂ ಆಗುತ್ತದೆ. ಖರ್ಚು ಹೆಚ್ಚುಕಮ್ಮಿ ಸೊನ್ನೆ. ಮೇಸ್ತ್ರಿಯ ಪಟ್ಟಿಯಲ್ಲಿರುವ ಯಾವುದಕ್ಕಿಂತಲೂ ಜಾಸ್ತಿ ಪಿಕಪ್ ಇದರಿಂದ ಬರುತ್ತದೆ ಅಂದರೆ ನಂಬಿ.

ಈಗ ಅವರ ಪಟ್ಟಿ.

ಬೋರ್. ನಿಮ್ಮದು 248 ಕ್ಯೂಬಿಕ್ ಇಂಚಿನ ಎಂಜಿನ್: 78.6 ಮಿ.ಮೀ. ಬೋರ್ (ಸಿಲಿಂಡರಿನ ವ್ಯಾಸ), 104.8 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ಒಟ್ಟು 4,065 ಸಿಸಿ. 30 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಬೋರ್ ಮಾಡಿದರೆ ಹೆಚ್ಚುವುದು 80 ಸಿಸಿ, ಅಂದ್ರೆ ನೂರಕ್ಕೆ ಎರಡು. 60 ಥೌ ಮಾಡಿದರೆ ನೂರಕ್ಕೆ ನಾಲ್ಕು ಕೂಡ ಪೂರ್ತಿ ಇಲ್ಲ. ಇದಕ್ಕಾಗಿ ಗೋಡೆ ತೆಳು ಮಾಡಿಕೊಳ್ಳುವುದು ಲಾಭವಲ್ಲ, ತೆಳು ಗೋಡೆ ಬಿಸಿಗೆ ಬೇಗ ಸೊಟ್ಟಗಾಗುತ್ತದೆ. ಸವೆತ ಹೋಗುವಷ್ಟು ಮಾತ್ರ ಬೋರ್ ಮಾಡಿಸಿ. ಅಜ್ಜನ ಕಾಲದಲ್ಲೇ ಒಂದೆರಡು ಸಲ ಬೋರ್ ಆಗಿದ್ದರೆ ಗೋಡೆ ಎಷ್ಟು ಉಳಿದಿದೆ ಅಂತ ಮೊದಲು ಅಳೆಸಿ. ಹಡಗಿನ ತಗಡಿನ ದಪ್ಪ ನೋಡುವ ಅಲ್ಟ್ರಾಸೋನಿಕ್ ಗೇಜ್ ಇದಕ್ಕೂ ಆಗುತ್ತದೆ. ಬಂದರು ಇರುವ ಮಂಗಳೂರಿನಲ್ಲಿ ಆ ಕೆಲಸದವರನ್ನು ಹುಡುಕುವುದು ಕಷ್ಟವಲ್ಲ. ತೀರಾ ತೆಳುವಿದ್ದರೆ ಸ್ಲೀವ್ ಹಾಕಿಸಿ ಸ್ಟ್ಯಾಂಡರ್ಡ್ ಬೋರಿಗೆ ವಾಪಸ್ ಬನ್ನಿ.

ಹೆಡ್. ಫೇಸಿಂಗ್ ಅಂದರೆ ಸಿಲಿಂಡರುಗಳ ಮೇಲಿನ ಈ ಮುಚ್ಚಳದ ತಳ ತುರಿಯುವುದು. ಇಲ್ಲಿ ಮೇಸ್ತ್ರಿಯ ದಿಕ್ಕು ಸರಿ, ದಾರಿ ತಪ್ಪು. ಕಂಪ್ರೆಶನ್, ಅಂದರೆ ಪಿಸ್ಟನ್ ಒಳಗಿನ ಗ್ಯಾಸನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದನ್ನು, ಹೆಚ್ಚಿಸುವುದು ಒಳ್ಳೆಯದೇ. ಯುದ್ಧ ಮುಗಿದ ಕಾಲದ ಪೆಟ್ರೋಲಿನ ಆಕ್ಟೇನ್ (ಒತ್ತಡ ತಾಳುವ ಅಂಕ) 80 ಅಥವಾ ಅದಕ್ಕೂ ಕಡಿಮೆ, ಅದಕ್ಕೆ ತಕ್ಕ ಹಾಗೆ ಈ ಎಂಜಿನ್ನಿನ ಕಂಪ್ರೆಶನ್ 6.3 ಇಟ್ಟಿದ್ದರು. ಈಗ ಬಂಕಿನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್‌ಗೆ 7.3 ಏನೂ ಕಷ್ಟವಲ್ಲ. ಇದರಿಂದ ನೂರಕ್ಕೆ ಐದಾರು ಶಕ್ತಿ ಹೆಚ್ಚುತ್ತದೆ, ಪೆಟ್ರೋಲೂ ಉಳಿಯುತ್ತದೆ. ಆದರೆ ಒಂದೊಂದು ಸಿಲಿಂಡರ್ 508 ಸಿಸಿ. 6.3ರಿಂದ 7.3ಕ್ಕೆ ಹೋಗಲು ಮೇಲಿನ ಖಾಲಿ ಜಾಗ 96 ಸಿಸಿಯಿಂದ 81ಕ್ಕೆ ಇಳಿಯಬೇಕು. ಆ 15 ಸಿಸಿಯನ್ನು ಹೆಡ್ಡಿನಿಂದಲೇ ತೆಗೆಯಲು ಹೊರಟರೆ 3 ಮಿ.ಮೀ.ಗೂ ಜಾಸ್ತಿ ತುರಿಯಬೇಕಾಗುತ್ತದೆ! ಅಷ್ಟರಲ್ಲಿ ನೀರಿನ ಜಾಕೆಟ್ಟಿನ ತಳ ತೆಳುವಾಗಿ, ಪುಶ್‌ರಾಡ್ ಉದ್ದವಾಗಿ, ವಾಲ್ವ್ ಒತ್ತುವ ರಾಕರಿನ ಕೋನ ಕೆಟ್ಟಿರುತ್ತದೆ. ಹೆಡ್ಡಿನ ಸೊಟ್ಟು ಸರಿಯಾಗುವಷ್ಟು ಮಾತ್ರ ಫೇಸಿಂಗ್ ಮಾಡಿಸಿ. ಕಂಪ್ರೆಶನ್ನನ್ನು ಪಿಸ್ಟನ್ನಿನಿಂದ ತನ್ನಿ. ಪಿಸ್ಟನ್ ಹೇಗೂ ಹೊಸದು ಬೇಕು. ಮಾಡಿಸುವಾಗಲೇ ತಲೆ ಸ್ವಲ್ಪ ಎತ್ತರ ಇರುವ ಹಾಗೆ ಹೇಳಿ. ಫೇಸಿಂಗಿಗೆ ಕೊಡುವ ಮೊದಲು ಹೆಡ್ಡಿನ ಪ್ರೆಶರ್ ಟೆಸ್ಟ್ ಆಗಲಿ. ಕುದಿದ ಎಂಜಿನ್ ನಿಮ್ಮದು, ವಾಲ್ವ್ ಸೀಟುಗಳ ನಡುವೆ ಬಿರುಕಿದ್ದರೆ ಉಳಿದ ಖರ್ಚೆಲ್ಲ ನೀರಲ್ಲಿ ಹೋಮ.

ಎರಡು ಕಾರ್ಬ್ಯುರೇಟರ್. ಇದನ್ನು ಬ್ಯೂಕ್ ಕಂಪನಿಯೇ ಮಾಡಿ ನೋಡಿದೆ. 1941 ಮತ್ತು 1942ರಲ್ಲಿ ಇದೇ 248 ಎಂಜಿನ್ನಿಗೆ ಎರಡು ಕಾರ್ಬ್ಯುರೇಟರ್ ಬರುತ್ತಿತ್ತು. ಮಾಮೂಲಿ ಓಟಕ್ಕೆ ಮುಂದಿನದು ಮಾತ್ರ, ಪೂರ್ತಿ ಒತ್ತಿದಾಗ ಹಿಂದಿನದೂ ತೆರೆಯುವ ವ್ಯವಸ್ಥೆ. 1941ರಲ್ಲಿ ಬಂದದ್ದು 125 ಎಚ್‌ಪಿ. ಒಂದೇ ಕಾರ್ಬ್ಯುರೇಟರಿನಲ್ಲಿ 1941ರ ಎಂಜಿನ್ 115 ಕೊಡುತ್ತಿತ್ತು. ಅಂದ್ರೆ ಎರಡನೆಯದರಿಂದ ಸಿಕ್ಕಿದ್ದು 10. ಯುದ್ಧದ ನಂತರ ಕಂಪನಿಯೇ ಅದನ್ನು ಬಿಟ್ಟಿತು. ಎರಡನ್ನೂ ಒಂದೇ ಹದಕ್ಕೆ ತರುವುದು ಆಗಿನ ಗ್ಯಾರೇಜುಗಳಿಗೇ ತಲೆನೋವಾಗಿತ್ತು. ನಿಮಗೆ ಅಸಲಿ ಮ್ಯಾನಿಫೋಲ್ಡ್ ಸಿಕ್ಕಿದರೆ ಹಾಕಿ, ನೋಡಲೂ ಚಂದ. ವೆಲ್ಡಿಂಗ್ ಮಾಡಿ ಹೊಸದು ಕಟ್ಟುವುದು ಮಾತ್ರ ಬೇಡ. ಈ ಎಂಜಿನ್ನಿನಲ್ಲಿ ಕಾರ್ಬ್ಯುರೇಟರಿನಿಂದ 1 ಮತ್ತು 8ನೇ ಸಿಲಿಂಡರಿಗೆ ದಾರಿ ಜಾಸ್ತಿ ದೂರ. ತುದಿಯವಕ್ಕೆ ಪೆಟ್ರೋಲ್ ಕಡಿಮೆ, ನಡುವಿನವಕ್ಕೆ ಹೆಚ್ಚು ಹೋಗುವ ಚಾಳಿ ಮೊದಲೇ ಇದೆ. ಕೈಯಲ್ಲಿ ಕಟ್ಟಿದ ಮ್ಯಾನಿಫೋಲ್ಡ್ ಅದನ್ನು ಇನ್ನೂ ಕೆಡಿಸುತ್ತದೆ. ಒಂದು ಏರು ಹತ್ತಿಸಿ ಎಂಟೂ ಪ್ಲಗ್ ಕಿತ್ತು ಸಾಲಾಗಿ ಇಟ್ಟು ನೋಡಿ. ತುದಿಯ ಎರಡು ಬಿಳಿಚಿಕೊಂಡು ನಡುವಿನವು ಕಪ್ಪಿದ್ದರೆ ನಾನು ಹೇಳಿದ್ದು ಕಣ್ಣಿಗೇ ಕಾಣುತ್ತದೆ. ಪೆಟ್ರೋಲ್ ಅಳೆದು ಬಿಡುವ ಜೆಟ್ ಹದ ಮಾಡುವಾಗ ತುದಿಯವನ್ನು ನೋಡಿ ಮಾಡಬೇಕು.

ಕ್ಯಾಮ್, ಅಂದರೆ ವಾಲ್ವ್ ತೆರೆಯುವ ಶಾಫ್ಟ್. ಇದಕ್ಕೆ ನನ್ನ ಉತ್ತರ ಬೇಡ ಅಂತಲೇ. ಈ ಎಂಜಿನ್ ಗರಿಷ್ಠ ಟಾರ್ಕ್ ಕೊಡುವುದು 2,000 ಆರ್‌ಪಿಎಂನಲ್ಲಿ, ಗರಿಷ್ಠ ಎಚ್‌ಪಿ 3,600ರಲ್ಲಿ. ವಾಲ್ವ್ ಜಾಸ್ತಿ ಹೊತ್ತು ತೆರೆದಿಡುವ ಕ್ಯಾಮ್ ಹಾಕಿದರೆ ಕೆಳಗಿನ ಎಳೆತ ಹೋಗಿ ಮೇಲಿನ ಆರ್‌ಪಿಎಂನಲ್ಲಿ ಲಾಭ ಬರುತ್ತದೆ. ಘಾಟಿಗೆ ಬೇಕಾದದ್ದು ಕೆಳಗಿನದು. 4,500 ಆರ್‌ಪಿಎಂಗೆ ಹೋದರೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12.6 ಮೀಟರಿನಿಂದ 15.7ಕ್ಕೆ ಏರುತ್ತದೆ. ಅದನ್ನು ಈ ಎಂಜಿನ್ನಿನ ಕೆಳಭಾಗ ತಡೆಯುವುದಿಲ್ಲ.

ಕೆಳಭಾಗ ಅಂದೆನಲ್ಲ, ದುಡ್ಡು ಸುರಿಯಬೇಕಾದದ್ದು ಅಲ್ಲೇ.

ಪಿಸ್ಟನ್ನುಗಳ ಓಟವನ್ನು ತಿರುಗುವಿಕೆ ಮಾಡುವ ಕ್ರ್ಯಾಂಕಿನ ಉದ್ದ ಒಂದು ಮೀಟರಿನ ಆಸುಪಾಸು. ಹಿಡಿದಿಡುವುದಕ್ಕೆ ಐದೇ ಮೇನ್ ಬೇರಿಂಗ್. 1-6-2-5-8-3-7-4 ಈ ಕ್ರಮದಲ್ಲಿ ಸಿಲಿಂಡರುಗಳು ಒಂದೊಂದಾಗಿ ಹೊಡೆಯುವಾಗ, ಮುಂದಿನ ತುದಿಗೆ ಒಂದು ಪೆಟ್ಟು, ಹಿಂದಿನ ಕಡೆ ಫ್ಲೈವೀಲಿನ ಭಾರ. ನಡುವಿನ ಕಬ್ಬಿಣ ಒದ್ದೆ ಬೈರಾಸು ಹಿಂಡಿದ ಹಾಗೆ ತಿರುಚಿ ಬಿಡುತ್ತದೆ, ಮತ್ತೆ ತಿರುಚುತ್ತದೆ. ಆರ್‌ಪಿಎಂ ಏರಿದಷ್ಟೂ ಅಪಾಯ. ಸಾಲು ಎಂಟರ ದೊಡ್ಡ ದೌರ್ಬಲ್ಯ ಇದೇ. ರೇಸಿನವರೂ ಇದಕ್ಕೆ ದಾರಿ ಹುಡುಕಬೇಕಾಯಿತು. 1931ರ ಆಲ್ಫಾ ರೋಮಿಯೋ 8ಸಿ ಎಂಜಿನ್ನನ್ನು ನಾಲ್ಕು ನಾಲ್ಕರ ಎರಡು ಬ್ಲಾಕ್ ಮಾಡಿ ನಡುವೆ ಗೇರ್ ಕೂರಿಸಿದರು. 1954ರ ಮರ್ಸಿಡಿಸ್ ಡಬ್ಲ್ಯು 196 ರೇಸ್ ಕಾರಿನಲ್ಲಿ ಶಕ್ತಿಯನ್ನು ಕ್ರ್ಯಾಂಕಿನ ತುದಿಯಿಂದ ತೆಗೆಯದೆ ಮಧ್ಯದಿಂದಲೇ ತೆಗೆದರು. ಬ್ಯೂಕ್‌ನವರು ಮಾಡಿದ್ದು ಸರಳ: ಕ್ರ್ಯಾಂಕಿನ ಮುಂದಿನ ತುದಿಗೆ ಒಂದು ಡ್ಯಾಂಪರ್ ಹಾಕಿ ಆ ನಡುಕವನ್ನು ನುಂಗಿಸಿದರು. ಅದರೊಳಗಿನ ರಬ್ಬರಿಗೂ ಈಗ ಕಾರಿನಷ್ಟೇ ವಯಸ್ಸು. ಹೊರಗಿನಿಂದ ನೋಡಲು ಪುಲ್ಲಿಯ ಹಾಗಿರುವುದರಿಂದ ತೊಳೆದು, ಬಣ್ಣ ಬಳಿದು ವಾಪಸ್ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಬ್ಬರ್ ಹೊಸದು ಹಾಕಿಸಿ. ಎಂಜಿನ್ ಬದುಕುವುದು ಅದರ ಮೇಲೆ ನಿಂತಿದೆ.

ಕ್ರ್ಯಾಂಕ್ ಬಿಚ್ಚಿದ ಮೇಲೆ ಉದ್ದಕ್ಕೆ ಮಲಗಿಸಬೇಡಿ, ಫ್ಲೈವೀಲ್ ಕಡೆ ಕೆಳಗೆ ಮಾಡಿ ನಿಲ್ಲಿಸಿಡಿ. ಮಲಗಿಸಿದರೆ ತನ್ನ ಭಾರಕ್ಕೇ ಬಾಗುವಷ್ಟು ಉದ್ದ. ಗ್ರೈಂಡಿಂಗಿಗೆ ಸಣ್ಣ ಕಾರುಗಳ ಅಂಗಡಿಗೆ ಹೋದರೆ ಮೆಷಿನ್ನಿಗೆ ಹಿಡಿಸುವುದೇ ಅನುಮಾನ. ಮಲ್ಪೆಯ ಮೀನುಗಾರಿಕೆ ಬೋಟುಗಳ ಆರು ಸಿಲಿಂಡರಿನ ಡೀಸೆಲ್ ಕ್ರ್ಯಾಂಕ್ ಗ್ರೈಂಡ್ ಮಾಡುವವರು ಇದ್ದಾರಲ್ಲ, ಅವರ ಮೆಷಿನ್ ಇದಕ್ಕೆ ಸಾಕಾಗುತ್ತದೆ. ಗ್ರೈಂಡ್ ಮಾಡುವಾಗ ನಡುವೆ ಆಸರೆ ಕೊಡುತ್ತಾರಾ ಅಂತ ಕೇಳಿ. “ಬೇಡ, ಹಾಗೇ ಆಗ್ತದೆ” ಅಂದರೆ ಅಲ್ಲಿಂದ ಎದ್ದು ಬನ್ನಿ.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡುಗಳಲ್ಲಿ ಈಗಿನ ಹಾಗೆ ಬಿಚ್ಚಿ ಬದಲಿಸುವ ಶೆಲ್ ಬೇರಿಂಗ್ ಇಲ್ಲ. ವೈಟ್ ಮೆಟಲ್ ಕರಗಿಸಿ ನೇರ ರಾಡಿಗೇ ಸುರಿದಿರುತ್ತಾರೆ. ಬ್ಯೂಕ್ ಶೆಲ್ಲಿಗೆ ಬಂದದ್ದು 1949ರ ಹೊತ್ತಿಗೆ. ಸುರಿಯುವ ಕೆಲಸ ಗೊತ್ತಿರುವವರು ಈಗ ವಿರಳ. ಬೋಟಿನ ಹಳೇ ಎಂಜಿನ್, ಅಕ್ಕಿ ಮಿಲ್ಲಿನ ಎಂಜಿನ್ ಮಾಡಿದ ಹಿರಿಯರಲ್ಲಿ ವಿಚಾರಿಸಿ. ತವರ ಮುಖ್ಯವಾಗಿರುವ, ಜೊತೆಗೆ ಆಂಟಿಮನಿ, ತಾಮ್ರ ಸೇರಿದ ಲೋಹ ಕೇಳಿ ತೆಗೆದುಕೊಳ್ಳಿ. ಸೀಸ ಹೆಚ್ಚಿರುವ ಅಗ್ಗದ್ದು ಬೇಡ. ಸುರಿಯುವ ಮೊದಲು ರಾಡಿಗೆ ಕಲಾಯಿ ಹಾಕಬೇಕು. ಅದು ಸರಿಯಾಗದಿದ್ದರೆ ಲೋಹ ಅಂಟುವುದಿಲ್ಲ, ಸುಮ್ನೆ ಕೂತಿರುತ್ತದೆ ಅಷ್ಟೇ.

ಅಂಟಿದೆಯಾ ಅಂತ ನೀವೇ ನೋಡಬಹುದು. ರಾಡನ್ನು ದಾರದಲ್ಲಿ ನೇತುಹಾಕಿ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ಸ್ವರ ಎಳೆದರೆ ಸರಿ, ಬಿರುಕು ಬಿಟ್ಟ ಮಡಕೆಯ ಹಾಗೆ ಥಡ್ ಅಂದರೆ ಒಳಗೆ ಬಿಟ್ಟಿದೆ. ಇನ್ನೂ ಅನುಮಾನವಿದ್ದರೆ ರಾತ್ರಿ ಸೀಮೆಎಣ್ಣೆಯಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಒರೆಸಿ, ಲೋಹ ಮತ್ತು ಉಕ್ಕು ಸೇರುವ ಅಂಚಿಗೆ ಸೀಮೆಸುಣ್ಣ ಬಳಿದು ಹೆಬ್ಬೆರಳಿನಲ್ಲಿ ಒತ್ತಿ. ಸುಣ್ಣದಲ್ಲಿ ಒದ್ದೆ ಗೆರೆ ಮೂಡಿದರೆ ಆ ರಾಡ್ ಮತ್ತೆ ಸುರಿಯಬೇಕು, ಮುಲಾಜು ಬೇಡ. ಬೇರಿಂಗಿನ ಗ್ಯಾಪ್ ಜರ್ನಲ್ಲಿನ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ವ್ಯಾಸದ ಪ್ರತಿ ಇಂಚಿಗೆ 1 ಥೌ ಲೆಕ್ಕದಲ್ಲಿ ಇರಲಿ. ಹೆದ್ದಾರಿಯಲ್ಲಿ ದಿನವಿಡೀ ಓಡಿಸುವ ಆಸೆ ಇದ್ದರೆ, ಬಜೆಟ್ಟೂ ಇದ್ದರೆ, ರಾಡುಗಳನ್ನು ಶೆಲ್ ಬೇರಿಂಗಿಗೆ ಮಾರ್ಪಡಿಸುವುದು ಒಳ್ಳೆಯ ಖರ್ಚು. ಎರಡನೇ ಕಾರ್ಬ್ಯುರೇಟರಿಗಿಂತ ಖಂಡಿತ ಒಳ್ಳೆಯದು.

ಬ್ಯಾಲೆನ್ಸಿಂಗ್ ಮರೆಯಬೇಡಿ. ಎಂಟು ಪಿಸ್ಟನ್ ಒಂದೇ ತೂಕಕ್ಕೆ ತನ್ನಿ, ಒಂದೆರಡು ಗ್ರಾಂ ಒಳಗೆ. ರಾಡುಗಳ ದೊಡ್ಡ ತುದಿ, ಸಣ್ಣ ತುದಿ ಬೇರೆ ಬೇರೆ ತೂಗಬೇಕು. ಆಮೇಲೆ ಕ್ರ್ಯಾಂಕ್, ಫ್ಲೈವೀಲ್, ಕ್ಲಚ್ ಪ್ಲೇಟ್ ಜೋಡಿಸಿ ಬ್ಯಾಲೆನ್ಸ್ ಮಾಡಿಸಿ. ಸಾಲು ಎಂಟು ಯಾಕೆ ಅಷ್ಟು ನಯ ಅಂತ ಆಗ ಗೊತ್ತಾಗುತ್ತದೆ. ಬಾನೆಟ್ಟಿನ ಮೇಲೆ ನಾಣ್ಯ ನಿಲ್ಲಿಸುವ ಹಳೇ ಆಟ ಬರೀ ಬಡಾಯಿ ಅಲ್ಲ.

ಮೇಲ್ಭಾಗದಲ್ಲಿ ಕೆಲಸ ಕಡಿಮೆ. ವಾಲ್ವ್ ಗೈಡ್ ಹೊಸದು, ಎಕ್ಸಾಸ್ಟ್ ಸೀಟಿಗೆ ಗಟ್ಟಿ ರಿಂಗ್, ಮೂರು ಕೋನದ ಸೀಟ್ ಕಟಿಂಗ್. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೂರು ತುಂಡಿನದು, ಬಿಸಿಯಾದಾಗ ಒಂದರೊಳಗೊಂದು ಜಾರಬೇಕು. ಲೀಕ್ ಆಗಬಾರದು ಅಂತ ಬಲವಂತವಾಗಿ ನಟ್ ಬಿಗಿದರೆ ಜಾರಲಾಗದೆ ಒಡೆಯುತ್ತದೆ. ಗ್ರಾಫೈಟ್ ಹಚ್ಚಿ ಹದವಾಗಿ ಬಿಗಿಯಿರಿ.

ಪೆಟ್ರೋಲಿನ ವಿಷಯ. ಈಗ ಬರುವುದು ನೂರಕ್ಕೆ ಇಪ್ಪತ್ತು ಎಥನಾಲ್ ಸೇರಿದ್ದು. ಇದಕ್ಕೆ ಸುಮಾರು ಎಂಟು ಪರ್ಸೆಂಟ್ ಜಾಸ್ತಿ ಇಂಧನ ಬೇಕು, ಹಳೇ ಜೆಟ್ ಹಾಗೇ ಬಿಟ್ಟರೆ ಎಂಜಿನ್ ಹಸಿದೇ ಓಡುತ್ತದೆ. ಪಿಕಪ್ ಇಲ್ಲದಿರಲು ಇದೂ ಒಂದು ಕಾರಣ. ಜೆಟ್ಟಿನ ವ್ಯಾಸ ನೂರಕ್ಕೆ ನಾಲ್ಕು ಹೆಚ್ಚಿಸಿದರೆ ಸಾಕು. ಪೈಪ್, ಪಂಪಿನ ಡಯಾಫ್ರಾಮ್ ಎಥನಾಲ್ ತಾಳುವಂಥದ್ದು ಹಾಕಿ. ಎಥನಾಲ್ ನೀರು ಹೀರುತ್ತದೆ, ನಮ್ಮ ಗಾಳಿಯಲ್ಲಿ ಅದಕ್ಕೆ ಬರವಿಲ್ಲ. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿಡಿ.

ಹಾಗಾದ್ರೆ ಕೊನೆಗೆ ಎಷ್ಟು ಎಚ್‌ಪಿ? ಬೋರಿನಿಂದ ಎರಡು ಪರ್ಸೆಂಟ್, ಕಂಪ್ರೆಶನ್ನಿನಿಂದ ಐದಾರು, ವಾಲ್ವ್ ಕೆಲಸ ಮತ್ತು ಇಗ್ನಿಷನ್ ಟೈಮಿಂಗಿನಿಂದ ಇನ್ನೊಂದಿಷ್ಟು. 120, 125ರ ಆಸುಪಾಸು ನಿರೀಕ್ಷಿಸಿ. 150 ಹೇಳುವವರು ಅದನ್ನು ಶಕ್ತಿ ಅಳೆಯುವ ಡೈನೋ ಯಂತ್ರದಲ್ಲಿ ತೋರಿಸಲಿ.

ಕಾಗದಪತ್ರದ ಮಾತೂ ಇದೆ. 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂತು. ಕಾರು ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಮಾರ್ಪಡಿಸಿರಬಾರದು ಅಂತ ಅದರಲ್ಲಿದೆ. ಸವೆದದ್ದನ್ನು ಸರಿಪಡಿಸುವುದು ಬೇರೆ, ರೂಪ ಬದಲಿಸುವುದು ಬೇರೆ. ಬಿಚ್ಚಿದ ಅಸಲಿ ಭಾಗ ಒಂದನ್ನೂ ಗುಜರಿಗೆ ಹಾಕಬೇಡಿ. ಬ್ಲಾಕ್ ತೊಳೆಯುವವರಿಗೆ ಎಂಜಿನ್ ನಂಬರ್ ಇರುವ ಜಾಗ ಉಜ್ಜಬಾರದು ಅಂತ ಬಾಯಿಬಿಟ್ಟು ಹೇಳಿ.

ಯಾವಾಗ ಬಿಚ್ಚುವುದು? ಮಳೆಗಾಲದಲ್ಲಂತೂ ಬೇಡ. ಹೋನಿಂಗ್ ಮಾಡಿದ (ಒಳಗೋಡೆ ಉಜ್ಜಿ ನಯ ಮಾಡಿದ) ಸಿಲಿಂಡರ್ ಆಟಿ ತಿಂಗಳ ಮಳೆಯಲ್ಲಿ ಒಂದು ರಾತ್ರಿ ಎಣ್ಣೆ ಇಲ್ಲದೆ ಇದ್ದರೆ ಬೆಳಿಗ್ಗೆ ಕೆಂಪಾಗಿರುತ್ತದೆ. ದೀಪಾವಳಿ ಕಳೆದು ಶುರು ಮಾಡಿ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯೊಳಗೆ, ಜೋಡಿಸಿ ಮುಗಿಯುವ ಹಾಗೆ ನೋಡಿಕೊಳ್ಳಿ. ಮೊದಲ 800 ಕಿ.ಮೀ. ಹೆದ್ದಾರಿ 66ರ ಸಮತಟ್ಟಿನಲ್ಲೇ ಓಡಲಿ, ವೇಗ ಏರಿಸುತ್ತಾ ಇಳಿಸುತ್ತಾ. ನಡುವೆ ಒಮ್ಮೆ ಆಯಿಲ್ ಬದಲಿಸಿ, ಹೆಡ್ ಬೋಲ್ಟ್ ಮತ್ತೆ ಬಿಗಿಯಿರಿ. ಘಾಟಿ ಆಮೇಲೆ.

ಬಿಚ್ಚುವ ಮೊದಲು ಒಂದು ಕೆಲಸ ಮಾಡಿ. ಎಂಜಿನ್ ಬಿಸಿ ಮಾಡಿ, ಎಂಟೂ ಸಿಲಿಂಡರಿನ ಕಂಪ್ರೆಶನ್ ಗೇಜ್ ಹಾಕಿ ಬರೆದುಕೊಳ್ಳಿ. ಆಮೇಲೆ ಪ್ರತಿಯೊಂದಕ್ಕೂ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಆಯಿಲ್ ಬಿಟ್ಟಾಗ ಏರಿದರೆ ರಿಂಗ್ ಹೋಗಿದೆ, ಏರದಿದ್ದರೆ ವಾಲ್ವ್. ಆ ಹದಿನಾರು ಅಂಕಿ, ಜೊತೆಗೆ ಎಂಜಿನ್ ನಂಬರ್ ಕಳಿಸಿ. ಪಿಸ್ಟನ್ ಆರ್ಡರ್ ಮಾಡುವಾಗ ತಲೆ ಎಷ್ಟು ಎತ್ತರ ಹೇಳಬೇಕು ಅಂತ ಲೆಕ್ಕ ಹಾಕಿ ತಿಳಿಸುತ್ತೇನೆ.